ತಲೆ, ತೋಳು, ಎದೆ: ಪ್ಯಾರಾ ಸೈನಿಕನ ಗುರುತು ಓದುವ ಬಗೆ

ಕಳೆದ ವರ್ಷ ಆಗಸ್ಟ್ 15ರಂದು ನಮ್ಮ ಶಾಲೆಗೆ ಧ್ವಜ ಹಾರಿಸಲು ಬಂದವರು ಹಳಿಯಾಳ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ಕಪ್ಪು ಕೋಟು, ಎದೆಯ ಮೇಲೆ ಪದಕಗಳ ಸಾಲು, ತಲೆಯ ಮೇಲೆ ಓರೆಯಾಗಿ ಕೂತ ಬೆರೆಟ್ ಟೋಪಿ. ಟೋಪಿಯ ಬಣ್ಣ ಪೂರ್ತಿ ಹಣ್ಣಾದ ಮುರುಗಲಿನದು. ಏಳನೆಯ ತರಗತಿಯ ಹುಡುಗನೊಬ್ಬ ಸಾಲಿನಲ್ಲಿ ನಿಂತಲ್ಲಿಂದಲೇ "ಕಮಾಂಡೋ ಬಂದ್ರು, ಕಮಾಂಡೋ!" ಎಂದು ಪಕ್ಕದವನಿಗೆ ಹೇಳಿದ. ಅವರಿಗೆ ಕೇಳಿಸಿತು. ಮೈಕಿನ ಮುಂದೆ ನಿಂತು ಅವರು ಆಡಿದ ಮೊದಲ ಮಾತೇ ಇದು: "ತಮಾ, ನಾನು ಕಮಾಂಡೋ ಅಲ್ಲ. ನಾನು ಪ್ಯಾರಾ. ಎರಡೂ ಒಂದೇ ಅಲ್ಲ."

ಸಿಹಿ ಹಂಚಿ ಮುಗಿದ ಮೇಲೆ ಅವರು ಮಾವಿನ ಮರದ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು ಮಕ್ಕಳನ್ನು ಸುತ್ತ ಕೂರಿಸಿಕೊಂಡರು. ಟೋಪಿ ತೆಗೆದು ಮಕ್ಕಳ ಕೈಗೇ ಕೊಟ್ಟರು. ಅದರ ಬ್ಯಾಡ್ಜಿನ ಮೇಲೆ ಬೆರಳಿಟ್ಟು ಇದೇನು, ಅದೇನು ಎಂದು ಅವು ಕೇಳುತ್ತಾ ಹೋದವು. ಇತಿಹಾಸ ಪಾಠ ಮಾಡುವ ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಅವರು ಹೇಳಿದ್ದಕ್ಕೆ ನಾನು ಓದಿಕೊಂಡಿದ್ದನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಪ್ಯಾರಾ ಎಂದರೆ ವಿಮಾನದಿಂದ ಪ್ಯಾರಾಶೂಟಿನಲ್ಲಿ ಹಾರಿ ಇಳಿದು ಕಾದುವ ಸೈನಿಕ. ಹುಡುಗ ಮಾಡಿದ ತಪ್ಪನ್ನು ದೊಡ್ಡವರೂ ಮಾಡುತ್ತಾರೆ, ಟಿ.ವಿ.ಯವರೂ ಮಾಡುತ್ತಾರೆ.

ನಮ್ಮ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಂಗಸ್ಥಳಕ್ಕೆ ವೇಷ ಬಂದ ಕೂಡಲೇ, ಪಾತ್ರಧಾರಿ ಬಾಯಿ ತೆರೆಯುವ ಮೊದಲೇ, ಪ್ರೇಕ್ಷಕರಿಗೆ ಅರ್ಧ ತಿಳಿದಿರುತ್ತದೆ. ಕೇದಗೆ ಮುಂದಲೆ ಕಟ್ಟಿದ್ದರೆ ಅಭಿಮನ್ಯುವಿನಂಥ ಎಳೆಯ ವೀರ. ಕಿರೀಟವಿದ್ದರೆ ದೊರೆ. ಬಣ್ಣದ ವೇಷವಾದರೆ ರಾಕ್ಷಸ. ಕೌರವನ ತಲೆಗೆ ಕೇದಗೆ ಮುಂದಲೆ ಕಟ್ಟಿ ಕಳಿಸಿದರೆ ನೋಡುವವರು ಸುಮ್ಮನೆ ಕೂರುವುದಿಲ್ಲ. ಸಮವಸ್ತ್ರಕ್ಕೂ ಇಂಥದೇ ಕಟ್ಟುಪಾಡಿದೆ. ಪ್ಯಾರಾ ಸೈನಿಕನ ಮೈಮೇಲೆ ಮೂರು ಬೇರೆ ಬೇರೆ ಸಂಗತಿಗಳು ಬರೆದಿರುತ್ತವೆ: ಯಾವ ಪಡೆಯವನು, ವಿಮಾನದಿಂದ ಹಾರಿದವನೋ ಅಲ್ಲವೋ, ವಿಶೇಷ ಪಡೆಗೆ, ಅಂದರೆ ಕಮಾಂಡೋಗಳ ಗುಂಪಿಗೆ, ಸೇರಿದವನೋ ಅಲ್ಲವೋ. ಈ ಮೂರನ್ನೂ ಕಲಸಿ ಒಂದು ಮಾಡಿದಾಗಲೇ "ಕಮಾಂಡೋ" ಎಂಬ ತಪ್ಪು ಹುಟ್ಟುವುದು.

ಮೊದಲು ಟೋಪಿಯ ಬಣ್ಣ. ಇದನ್ನು ಕೆಂಪು ಎಂದುಬಿಟ್ಟರೆ ಅಲ್ಲೇ ದಾರಿ ತಪ್ಪಿದ ಹಾಗೆ. ದಾಸವಾಳದಂಥ ಹಸಿ ಕೆಂಪು ಬೆರೆಟ್ ಮಿಲಿಟರಿ ಪೊಲೀಸರದು. ಪ್ಯಾರಾದವರದು ಮರೂನ್, ಅಂದರೆ ಆ ಮುರುಗಲು ಬಣ್ಣ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ನಿನ ವಾಯುಗಾಮಿ ಪಡೆ, ಅಂದರೆ ಆಕಾಶದಿಂದ ಇಳಿದು ಕಾದುವ ಪಡೆ, ಇದನ್ನು ತೊಡಲು ಶುರುಮಾಡಿತು. ಆ ಪಡೆಯ ಜನರಲ್ ಬ್ರೌನಿಂಗ್ ಅವರ ಪತ್ನಿಯೇ ಈ ಬಣ್ಣ ಆರಿಸಿದ್ದು ಎಂಬ ಮಾತು ಈಗಲೂ ಓಡಾಡುತ್ತದೆ. ಆಕೆ ಸ್ವತಃ ಅದು ನಿಜವಲ್ಲ ಎಂದಿದ್ದರು. ಬಣ್ಣ ಮಾತ್ರ ಬೇರೆ ಬೇರೆ ದೇಶಗಳ ಪ್ಯಾರಾಶೂಟ್ ಪಡೆಗಳ ತಲೆಗೇರಿತು. ನಮ್ಮಲ್ಲಿ ಸಿಖ್ ಸೈನಿಕರು ಇದೇ ಬಣ್ಣದ ಪೇಟ ಕಟ್ಟಿ ಅದರ ಮೇಲೆ ಬ್ಯಾಡ್ಜ್ ಸಿಕ್ಕಿಸುತ್ತಾರೆ.

ಬಣ್ಣ ಹೇಳುವುದು ಇಷ್ಟನ್ನೇ: ಈತ ವಾಯುಗಾಮಿ ಪಡೆಯವನು. ಯಾವ ರೆಜಿಮೆಂಟಿನವನು ಎಂದು ತಿಳಿಯಬೇಕಾದರೆ ಬಣ್ಣದ ಮೇಲೆ ಕೂತ ಲೋಹದ ಬ್ಯಾಡ್ಜ್ ನೋಡಬೇಕು. ಪ್ಯಾರಾಶೂಟಿನಲ್ಲಿ ಇಳಿದು ಕಾದುವ ಬ್ರಿಗೇಡಿಗೆ ಕಾಲಾಳುಗಳಷ್ಟೇ ಸಾಲುವುದಿಲ್ಲ. ಫಿರಂಗಿಯವರು ಬೇಕು, ಸೇತುವೆ ಕಟ್ಟುವ ಮತ್ತು ಕೆಡಹುವ ಎಂಜಿನಿಯರುಗಳು ಬೇಕು, ಸಂದೇಶದವರು, ಡಾಕ್ಟರುಗಳು ಬೇಕು. ಇವರೆಲ್ಲರೂ ಹಾರುತ್ತಾರೆ, ಎಲ್ಲರ ತಲೆಯ ಮೇಲೂ ಮರೂನ್ ಇರುತ್ತದೆ. ಆದರೆ ಬ್ಯಾಡ್ಜ್ ಮಾತ್ರ ಅವರವರ ದಳದ್ದೇ. ಮುರುಗಲು ಬಣ್ಣದ ಟೋಪಿಯ ಮೇಲೆ ಸ್ಯಾಪರುಗಳ, ಅಂದರೆ ಸೈನ್ಯದ ಎಂಜಿನಿಯರುಗಳ, ಬ್ಯಾಡ್ಜ್ ಕಂಡರೆ, ಅದು 411ನೇ ಪ್ಯಾರಾಶೂಟ್ ಫೀಲ್ಡ್ ಕಂಪನಿಯಂಥ ಘಟಕ ಎಂದು ಊಹಿಸಬಹುದು. ಅದು ಬಾಂಬೆ ಸ್ಯಾಪರ್ಸ್‌ನ ಕಂಪನಿ.

ಪ್ಯಾರಾಶೂಟ್ ರೆಜಿಮೆಂಟಿನ ಸ್ವಂತ ಬ್ಯಾಡ್ಜ್ ಬೆಳ್ಳಿ ಬಣ್ಣದ್ದು. ಹಿನ್ನೆಲೆಯಲ್ಲಿ ಬಿಚ್ಚಿಕೊಂಡ ಪ್ಯಾರಾಶೂಟ್, ಅದರ ಮುಂದೆ ಒಂದು ವೃತ್ತ, ವೃತ್ತದ ಎರಡೂ ಬದಿಗೆ ಚಾಚಿದ ರೆಕ್ಕೆ, ಎಲ್ಲದರ ಮೇಲೆ ನೆಟ್ಟಗೆ ನಿಂತ ಬಾಕು. ಅದರಲ್ಲೇ ರೆಜಿಮೆಂಟಿನ ಹೆಸರು. ಮಕ್ಕಳು ಹೆಚ್ಚು ಹೊತ್ತು ನೋಡಿದ್ದು ಬಾಕುವನ್ನು. ರೆಕ್ಕೆ ಮತ್ತು ಪ್ಯಾರಾಶೂಟು ಹೇಳುವುದು ಹೇಗೆ ಬರುತ್ತಾನೆ ಎಂಬುದನ್ನು. ಬಂದ ಮೇಲೆ ಏನು ಮಾಡುತ್ತಾನೆ ಎಂದು ಬಾಕು ಹೇಳುತ್ತದೆ. ಹವಾಲ್ದಾರರು ಅದನ್ನು ತಮ್ಮದೇ ರೀತಿಯಲ್ಲಿ ಹೇಳಿದರು: "ವಿಮಾನ ನಮಗೆ ಬಸ್ಸು. ಬಸ್ಸಿಂದ ಇಳಿದ ಮೇಲೆ ನಾವು ನಡೆಯುವ ಸಿಪಾಯಿಗಳೇ."

ಇನ್ನು ತೋಳು. ಬಲತೋಳಿನಲ್ಲಿ, ಮೊಣಕೈಗಿಂತ ಮೇಲೆ, ಬಿಳಿ ದಾರದಲ್ಲಿ ಹೊಲಿದ ಪ್ಯಾರಾಶೂಟ್, ಅದರ ಇಕ್ಕೆಲದಲ್ಲಿ ರೆಕ್ಕೆ. ಇದಕ್ಕೆ ವಿಂಗ್ಸ್ ಎನ್ನುತ್ತಾರೆ. ಇದು ಹೇಳುವುದು ಒಂದೇ ಮಾತು: ಈತ ಹಾರಿದ್ದಾನೆ. ಆಗ್ರಾದಲ್ಲಿ ವಾಯುಪಡೆಯ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆಯಿದೆ. ಅಲ್ಲಿ ರಾತ್ರಿಯ ಒಂದು ಹಾರಿಕೆಯೂ ಸೇರಿ ಐದು ಸಲ ಹಾರಿದವನಿಗೆ ವಿಂಗ್ಸ್ ಸಿಗುತ್ತದೆ. ನೌಕಾಪಡೆಯ ಕಮಾಂಡೋಗಳೂ ಹಾರುವುದನ್ನು ಕಲಿಯುತ್ತಾರೆ, ಆಯ್ಕೆಯಾದ ಎನ್.ಸಿ.ಸಿ. ಮಕ್ಕಳಿಗೂ ಆಗ್ರಾದಲ್ಲಿ ಹಾರುವ ತರಬೇತಿಯಿದೆ. ಆದ್ದರಿಂದ ವಿಂಗ್ಸ್ ಕಂಡ ಮಾತ್ರಕ್ಕೆ ಪ್ಯಾರಾಶೂಟ್ ರೆಜಿಮೆಂಟಿನವನು ಎಂದೂ ಹೇಳುವಂತಿಲ್ಲ.

ಐದೇ ಸಲವೇ ಎಂದು ಒಬ್ಬಳು ಹುಡುಗಿ ಕೇಳಿದಳು. ಹಾರುವುದೆಂದರೆ ಏನೆಂದು ತಿಳಿದರೆ ಆ ಐದರ ತೂಕ ತಿಳಿಯುತ್ತದೆ. ವಿಮಾನದೊಳಗೆ ತಲೆಯ ಮಟ್ಟದಲ್ಲಿ ಉದ್ದಕ್ಕೂ ಒಂದು ಉಕ್ಕಿನ ತಂತಿ ಕಟ್ಟಿರುತ್ತದೆ. ಪ್ರತಿಯೊಬ್ಬನ ಬೆನ್ನ ಮೇಲಿನ ಪ್ಯಾರಾಶೂಟ್ ಚೀಲದಿಂದ ಒಂದು ಪಟ್ಟಿ ಹೊರಟಿರುತ್ತದೆ, ಅದರ ಕೊಕ್ಕೆಯನ್ನು ತಂತಿಗೆ ಸಿಕ್ಕಿಸುತ್ತಾರೆ. ತನ್ನ ಮುಂದಿನವನ ಕೊಕ್ಕೆ ಸರಿಯಿದೆಯೇ ಎಂದು ಹಿಂದಿನವನು ನೋಡಿ ಹೇಳಬೇಕು. ಬಾಗಿಲ ಬಳಿ ಕೆಂಪು ದೀಪ ಹೋಗಿ ಹಸಿರು ಹೊತ್ತಿದ ಕೂಡಲೇ ಒಬ್ಬರ ಬೆನ್ನಿಗೆ ಒಬ್ಬರು ಹೊರಗೆ ಬೀಳುತ್ತಾರೆ. ಮೈ ಕೆಳಗೆ ಹೋದಂತೆ ಪಟ್ಟಿ ಬಿಗಿಯುತ್ತದೆ, ಚೀಲದ ಬಾಯಿ ಬಿಚ್ಚುತ್ತದೆ, ಕಾಳಿ ನದಿಯ ಅಳಿವೆಯಲ್ಲಿ ಬೀಸುಬಲೆ ಗಾಳಿಯಲ್ಲಿ ಗುಂಡಗೆ ಅರಳುವಂತೆ ಬಟ್ಟೆ ಅರಳುತ್ತದೆ. ಅರಳದಿದ್ದರೆ ಎದೆಯ ಮೇಲೆ ಇನ್ನೊಂದು ಚಿಕ್ಕ ಪ್ಯಾರಾಶೂಟ್ ಇದೆ. ತರಬೇತಿಯಲ್ಲಿ ಹಾರುವ ಎತ್ತರ ಸುಮಾರು 1,250 ಅಡಿ. ನಮಗೆ ಅದು ಬಹಳ ಎತ್ತರ ಎನಿಸಬಹುದು, ಹಾರುವವನಿಗೆ ಅದು ಕಡಿಮೆ. ತಪ್ಪು ತಿದ್ದಿಕೊಳ್ಳಲು ಅವನಿಗಿರುವುದು ಕೆಲವೇ ಕ್ಷಣ. ಆದರೂ ತಗ್ಗಿನಿಂದಲೇ ಹಾರಬೇಕು. ಹೆಚ್ಚು ಎತ್ತರದಿಂದ ಹಾರಿದಷ್ಟೂ ಗಾಳಿ ಒಬ್ಬೊಬ್ಬರನ್ನು ಒಂದೊಂದು ಕಡೆಗೆ ಒಯ್ಯುತ್ತದೆ, ಕೆಳಗೆ ಬಂದೂಕು ಹಿಡಿದು ಕಾದವನಿಗೂ ಹೆಚ್ಚು ಹೊತ್ತು ಸಿಗುತ್ತದೆ. ನೆಲ ಮುಟ್ಟುವಾಗ ಎರಡೂ ಕಾಲು ಜೋಡಿಸಿ, ಮಂಡಿ ಬಗ್ಗಿಸಿ, ಪೆಟ್ಟು ಪಾದದಿಂದ ತೊಡೆಗೆ, ತೊಡೆಯಿಂದ ಬೆನ್ನಿಗೆ ಹಂಚಿಹೋಗುವಂತೆ ಉರುಳಬೇಕು. ಹವಾಲ್ದಾರರು ಕುರ್ಚಿಯಿಂದ ಎದ್ದು ಕಾಲು ಜೋಡಿಸಿ ನಿಂತು ತೋರಿಸಿದರು. ಮಧ್ಯಾಹ್ನದ ಊಟದವರೆಗೂ ಮಕ್ಕಳು ಜಗುಲಿಯಿಂದ ಅಂಗಳಕ್ಕೆ ಹಾರಿ ಹಾರಿ ಉರುಳುತ್ತಿದ್ದವು.

ಇದೇ ವಿಂಗ್ಸ್‌ನ ಚಿಕ್ಕ ಲೋಹದ ರೂಪವೊಂದಿದೆ, ಎಡ ಜೇಬಿನ ಮೇಲ್ಗಡೆ ಧರಿಸುವಂಥದು. ಅದರಲ್ಲಿ ನಕ್ಷತ್ರಗಳಿರುತ್ತವೆ. ಒಂದು ನಕ್ಷತ್ರಕ್ಕೆ 25 ಹಾರಿಕೆ, ಎರಡಕ್ಕೆ 50, ಮೂರಕ್ಕೆ 100.

ಮೂರನೆಯದು ಎದೆಯ ಬಲಗಡೆಯ ಜೇಬು. ಗೊಂದಲವೆಲ್ಲ ಇಲ್ಲಿಯದೇ. ಮರೂನ್ ಚೌಕದ ಮೇಲೆ ನೆಟ್ಟಗೆ ನಿಂತ ಬೆಳ್ಳಿಯ ಬಾಕು, ಅಲಗಿನಿಂದ ಹೊರಟ ರೆಕ್ಕೆ, ಅಡ್ಡ ಪಟ್ಟಿಯಲ್ಲಿ ದೇವನಾಗರಿಯಲ್ಲಿ "ಬಲಿದಾನ್" ಎಂಬ ಪದ. ಇಲ್ಲಿ ಪ್ಯಾರಾಶೂಟ್ ಇಲ್ಲ, ಗಮನಿಸಿ. ಇದು ರೆಜಿಮೆಂಟಿನೊಳಗಿನ ವಿಶೇಷ ಪಡೆಯ ಬೆಟಾಲಿಯನ್‌ಗಳ ಗುರುತು. ತಿಂಗಳುಗಟ್ಟಲೆ ನಡೆಯುವ ಪರೀಕ್ಷಾ ಅವಧಿಯಲ್ಲಿ ಹಲವರು ಬಿಟ್ಟುಹೋಗುತ್ತಾರೆ, ಹಲವರನ್ನು ಕಳಿಸಿಬಿಡುತ್ತಾರೆ. ಉಳಿದವನ ಎದೆಗೆ ಮಾತ್ರ ಈ ಬಾಕು.

ನಮ್ಮ ಮಕ್ಕಳಿಗೆ ಇದರ ಪರಿಚಯವಾದದ್ದು ಕ್ರಿಕೆಟ್ಟಿನಿಂದ. 2011ರಲ್ಲಿ ಮಹೇಂದ್ರ ಸಿಂಗ್ ಧೋನಿಯವರಿಗೆ ಪ್ರಾದೇಶಿಕ ಸೇನೆಯ ಪ್ಯಾರಾ ಬೆಟಾಲಿಯನ್ನಿನ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಸಿಕ್ಕಿತು. 2015ರಲ್ಲಿ ಅವರು ಆಗ್ರಾಕ್ಕೆ ಹೋಗಿ ಐದೂ ಹಾರಿಕೆ ಮುಗಿಸಿ ವಿಂಗ್ಸ್ ಪಡೆದರು. 2019ರ ವಿಶ್ವಕಪ್‌ನಲ್ಲಿ, ದಕ್ಷಿಣ ಆಫ್ರಿಕಾ ಎದುರಿನ ಪಂದ್ಯದಲ್ಲಿ, ಅವರ ಕೀಪಿಂಗ್ ಗ್ಲೌಸಿನ ಮೇಲೆ ರೆಕ್ಕೆಯ ಬಾಕು ಕಾಣಿಸಿತು. ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ತೆಗೆಯಬೇಕೆಂದಿತು, ದೇಶವೆಲ್ಲ ಆ ಚಿತ್ರ ಹರಿದಾಡಿತು. ಈಗ ಬೈಕಿನ ಟ್ಯಾಂಕಿನ ಮೇಲೆ, ಕಾರಿನ ಹಿಂಗಾಜಿನ ಮೇಲೆ, ಕೀ ಗೊಂಚಲಿನಲ್ಲಿ ಎಲ್ಲೆಲ್ಲೂ ಅದೇ ಬಾಕು. ಅಂಟಿಸಿಕೊಳ್ಳುವವರ ಮನಸ್ಸಿನಲ್ಲಿ ಇರುವುದು ಅಭಿಮಾನವೇ, ಅದು ನನಗೆ ಗೊತ್ತು. ಆದರೂ ಬಲಿದಾನ ಎಂಬ ಪದವನ್ನು ಎದೆಗೆ ಹಚ್ಚಿಕೊಳ್ಳಲು ಒಬ್ಬ ಹುಡುಗ ಏನೇನು ಕೊಟ್ಟಿರುತ್ತಾನೆ ಎಂದು ತಿಳಿದ ಮೇಲೆ, ಅದನ್ನು ಸ್ಟಿಕರ್ ಮಾಡಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಗುರುತುಗಳಲ್ಲಿ ಇನ್ನೊಂದಿದೆ, ಇದು ಬ್ರಿಗೇಡಿನದು. ಬ್ರಿಟಿಷ್ ವಾಯುಗಾಮಿ ಪಡೆಯ ಲಾಂಛನ ಗ್ರೀಕ್ ಪುರಾಣದ್ದು: ಪೆಗಾಸಸ್ ಎಂಬ ರೆಕ್ಕೆಯ ಕುದುರೆ, ಅದರ ಬೆನ್ನೇರಿ ಈಟಿ ಹಿಡಿದ ಬೆಲೆರೊಫಾನ್. ಸ್ವತಂತ್ರ ಭಾರತದ 50ನೇ ಪ್ಯಾರಾಶೂಟ್ ಬ್ರಿಗೇಡಿಗೆ ಬಂದದ್ದು ಶತ್ರುಜೀತ್: ಅರ್ಧ ನರ, ಅರ್ಧ ಕುದುರೆ, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಬಿಲ್ಲು. ಶತ್ರುಜಿತ್ ಎಂಬ ಹೆಸರು ನಮಗೆ ಹೊಸದಲ್ಲ. ಮಾರ್ಕಂಡೇಯ ಪುರಾಣದಲ್ಲಿ ಶತ್ರುಜಿತ್ ರಾಜನ ಮಗ ಋತಧ್ವಜ. ಗಾಲವ ಮುನಿ ತಂದುಕೊಟ್ಟ ಕುವಲಯ ಎಂಬ ಕುದುರೆ ಆಕಾಶ, ನೀರು, ಪಾತಾಳ ಯಾವುದಕ್ಕೂ ತಡೆಯಿಲ್ಲದೆ ಓಡುತ್ತದೆ. ಅದನ್ನೇರಿ ಅವನು ಪಾತಾಳಕೇತುವನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಅಲ್ಲಿಂದ ಮದಾಲಸೆಯನ್ನು ಕರೆತರುತ್ತಾನೆ. ಆಕಾಶದಿಂದ ಹಗೆಯ ಬೆನ್ನ ಹಿಂದೆ ಇಳಿಯುವ ಪಡೆಗೆ ಇದಕ್ಕಿಂತ ಹೊಂದುವ ಹೆಸರು ಸಿಗುವುದು ಕಷ್ಟ.

ಆ 50ನೇ ಬ್ರಿಗೇಡಿನಿಂದಲೇ ಇತಿಹಾಸವೂ ಶುರುವಾಗುತ್ತದೆ. 1941ರ ಮೇ ತಿಂಗಳಲ್ಲಿ ಜರ್ಮನರು ಕ್ರೀಟ್ ದ್ವೀಪವನ್ನು ಆಕಾಶದಿಂದ ಇಳಿದು ಹಿಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಈ ಬ್ರಿಗೇಡ್ ಹುಟ್ಟಿತು. ಅದರಲ್ಲಿ ಮೂರು ಬೆಟಾಲಿಯನ್: ಬ್ರಿಟಿಷರದು 151ನೆಯದು, ಭಾರತೀಯರದು 152, ಗೂರ್ಖಾಗಳದು 153. ಭಾರತೀಯರಲ್ಲಿ ಮೊದಲು ಹಾರಿದವರು ಇಬ್ಬರು, 152ನೇ ಬೆಟಾಲಿಯನ್ನಿನ ಡಾಕ್ಟರ್ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಇಬ್ಬರಲ್ಲಿ ಒಬ್ಬರು ಔಷಧದ ಪೆಟ್ಟಿಗೆಯವರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ರಂಗರಾಜ್ ಅವರ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1950ರಲ್ಲಿ ಕೊರಿಯಾ ಯುದ್ಧಕ್ಕೆ ಭಾರತ ಬಂದೂಕಿನ ಪಡೆ ಕಳಿಸಲಿಲ್ಲ, 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸನ್ನು ಕಳಿಸಿತು. ಮುಖ್ಯಸ್ಥರು ಇವರೇ. 1951ರ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಪ್ಯಾರಾಶೂಟ್ ಪಡೆ ಹಾರಿದಾಗ ಅವರ ಜೊತೆ ನಮ್ಮ ಈ ಘಟಕದ ಒಂದು ಪುಟ್ಟ ತಂಡವೂ ಹಾರಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಕೊಲ್ಲುವ ಕೆಲಸವಿಲ್ಲದವನ ತೋಳಿನ ಮೇಲೂ ಅದೇ ವಿಂಗ್ಸ್ ಯಾಕಿರುತ್ತದೆ ಎನ್ನುವವರಿಗೆ ಇದನ್ನು ಹೇಳಬೇಕು.

ಹೊಸ ಬ್ರಿಗೇಡಿಗೆ ಮೊದಲ ದೊಡ್ಡ ಕಾಳಗ ಒದಗಿದ್ದು ಮಣಿಪುರದ ಸಾಂಗ್‌ಶಾಕ್ ಬೆಟ್ಟದ ಮೇಲೆ, 1944ರ ಮಾರ್ಚ್‌ನಲ್ಲಿ. ಅಲ್ಲಿ ಯಾರೂ ಹಾರಲಿಲ್ಲ, ನಡೆದೇ ಹೋದರು. ಕೊಹಿಮಾ ಕಡೆಗೆ ನುಗ್ಗುತ್ತಿದ್ದ ಜಪಾನಿನ ದೊಡ್ಡ ಪಡೆಯನ್ನು ಮಾರ್ಚ್ 26ರ ರಾತ್ರಿಯವರೆಗೆ ಆ ಬೆಟ್ಟದ ಮೇಲೆ ತಡೆದು ಹಿಡಿದರು. ವಿಮಾನಗಳು ಮೇಲಿನಿಂದ ಬಿಟ್ಟ ನೀರು, ಮದ್ದುಗುಂಡುಗಳಲ್ಲಿ ಬಹುಪಾಲು ಶತ್ರುವಿನ ಕಡೆಗೇ ಬಿತ್ತು. ಬ್ರಿಗೇಡ್ ನುಚ್ಚುನೂರಾಯಿತು. ಆದರೆ ಅವರು ಗಳಿಸಿಕೊಟ್ಟ ಆ ದಿನಗಳಲ್ಲಿ ಕೊಹಿಮಾ ಮತ್ತು ಇಂಫಾಲ ತಯಾರಾಗಲು ಸಾಧ್ಯವಾಯಿತು. ಇದೇ ಬರ್ಮಾ ರಂಗದಲ್ಲಿ ರೇಷ್ಮೆಗೆ ಬರ ಬಂದಾಗ ಸಾಮಾನು ಇಳಿಸಲು ಸೆಣಬಿನ ಪ್ಯಾರಾಶೂಟ್ ಹೊಲಿಸಿದರು, ನಮ್ಮ ಗೋಣಿತಟ್ಟಿನ ಸೆಣಬೇ. ಯುದ್ಧದಲ್ಲಿ ಭಾರತೀಯ ಪಡೆಯ ಮೊದಲ ದೊಡ್ಡ ಹಾರಿಕೆ ಆದದ್ದು 1945ರ ಮೇ 1ರಂದು, ರಂಗೂನಿನ ಬಳಿಯ ಎಲಿಫೆಂಟ್ ಪಾಯಿಂಟಿನಲ್ಲಿ. ಹಾರಿದವರು ಗೂರ್ಖಾಗಳು.

ಯುದ್ಧ ಮುಗಿದದ್ದೇ ಆ ಕಾಲದ ಇಂಡಿಯನ್ ಪ್ಯಾರಾಶೂಟ್ ರೆಜಿಮೆಂಟನ್ನು ವಿಸರ್ಜಿಸಿದರು. ಅದರ ಬದಲು ಮೊದಲೇ ಇದ್ದ ಕಾಲಾಳು ಪಲ್ಟನ್‌ಗಳಿಗೆ, ಅಂದರೆ ಬೆಟಾಲಿಯನ್‌ಗಳಿಗೆ, ಹಾರುವುದನ್ನು ಕಲಿಸಿದರು. ದೇಶ ಇಬ್ಭಾಗವಾದಾಗ ಸೈನ್ಯವೂ ಇಬ್ಭಾಗವಾಯಿತು, 50 ಮತ್ತು 77ನೇ ಬ್ರಿಗೇಡುಗಳು ಭಾರತಕ್ಕೆ, 14ನೆಯದು ಪಾಕಿಸ್ತಾನಕ್ಕೆ. ಚಕ್ಲಾಲಾದಲ್ಲಿದ್ದ ಹಾರುವ ಶಾಲೆ ಗಡಿಯಾಚೆ ಉಳಿಯಿತು, ನಮ್ಮದು ಆಗ್ರಾದಲ್ಲಿ ಶುರುವಾಯಿತು. 1952ರ ಏಪ್ರಿಲ್ 15ರಂದು ಪಂಜಾಬ್, ಮರಾಠಾ, ಕುಮಾಂವ್ ರೆಜಿಮೆಂಟುಗಳಿಂದ ಒಂದೊಂದು ಪಲ್ಟನ್ ತೆಗೆದು ಈಗಿನ ಪ್ಯಾರಾಶೂಟ್ ರೆಜಿಮೆಂಟ್ ಕಟ್ಟಿದರು. ಅವೇ 1, 2 ಮತ್ತು 3 ಪ್ಯಾರಾ ಆದವು.

ಹೀಗಾಗಿ ರೆಜಿಮೆಂಟಿನ ವಯಸ್ಸು ಒಂದು, ಅದರ ಪಲ್ಟನ್‌ಗಳ ವಯಸ್ಸು ಇನ್ನೊಂದು. 1 ಪ್ಯಾರಾದ ಮೂಲ 1761ಕ್ಕೆ ಹೋಗುತ್ತದೆ, ಮನುಷ್ಯ ಬಲೂನಿನಲ್ಲಿ ಮೇಲೇರುವುದಕ್ಕೂ 22 ವರ್ಷ ಮೊದಲು. 2 ಪ್ಯಾರಾ ಆದ ಮರಾಠಾ ಪಲ್ಟನ್ ಹುಟ್ಟಿದ್ದು 1797ರಲ್ಲಿ. ಅದೇ ವರ್ಷ ಪ್ಯಾರಿಸಿನಲ್ಲಿ ಗಾರ್ನೆರಿನ್ ಎಂಬಾತ ಬಲೂನಿನಿಂದ ಪ್ಯಾರಾಶೂಟ್ ಕಟ್ಟಿಕೊಂಡು ಮೊದಲ ಬಾರಿ ಇಳಿದು ತೋರಿಸಿದ. ನಮ್ಮ ಕಾರವಾರ ಆಗ ಇನ್ನೂ ಟಿಪ್ಪುವಿನ ಆಳ್ವಿಕೆಯಲ್ಲಿತ್ತು.

ಈ ಮರಾಠಾ ಪಲ್ಟನ್ ನಮಗೆ ದೂರದ್ದಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ಪಕ್ಕದ ಬೆಳಗಾವಿಯಲ್ಲಿ. ಹಳಿಯಾಳ, ಜೋಯಿಡಾ ಕಡೆಯ ಮನೆಗಳಲ್ಲಿ "ಮಗ ಮರಾಠಾಕ್ಕೆ ಸೇರಿದ" ಎಂದರೆ ಬೇರೆ ವಿವರಣೆ ಬೇಕಿಲ್ಲ. ಅದರ 3ನೇ ಪಲ್ಟನ್ನೇ ಮುಂದೆ 2 ಪ್ಯಾರಾ ಆದದ್ದು. 1944ರ ಜುಲೈ 10ರಂದು ಇಟಲಿಯಲ್ಲಿ ವಿಕ್ಟೋರಿಯಾ ಕ್ರಾಸ್ ಗಳಿಸಿ ಅಲ್ಲೇ ಮಡಿದ ಯಶವಂತ ಘಾಡ್ಗೆ ಇದೇ ಪಲ್ಟನ್ನಿನವರು. ಆಮೇಲೆ 21ನೇ ಮರಾಠಾ ಕೂಡ 21 ಪ್ಯಾರಾ ಆಯಿತು, ಅದು ವಿಶೇಷ ಪಡೆಯ ಬೆಟಾಲಿಯನ್.

ಇಲ್ಲಿ ಕಾರವಾರದ ಕಡಲ ದಂಡೆಗೆ ಬರಬೇಕು. ಚಪಲ್ ಯುದ್ಧನೌಕೆಯ ಪಕ್ಕ ನಿಂತಿರುವ ಪ್ರತಿಮೆಯನ್ನು ನಾವೆಲ್ಲ ನೋಡಿದ್ದೇವೆ: ಚೆಂಡಿಯಾದ ರಾಮ ರಾಘೋಬ ರಾಣೆ, ಜೀವಂತವಾಗಿ ಪರಮವೀರ ಚಕ್ರ ಪಡೆದ ಮೊದಲಿಗರಲ್ಲಿ ಒಬ್ಬರು. ಅವರು ಪ್ಯಾರಾದವರಲ್ಲ, ಬಾಂಬೆ ಸ್ಯಾಪರ್. ಆದರೆ ಅವರ ಸಾಹಸ ನಡೆದ ನೆಲವನ್ನು ಆ ಚಳಿಗಾಲದಲ್ಲಿ ಕಾದವರು ಪ್ಯಾರಾದವರು. ಕಾಶ್ಮೀರದ ಮೊದಲ ಯುದ್ಧದಲ್ಲಿ, 1947ರ ಡಿಸೆಂಬರಿನಲ್ಲಿ, ಝಾಂಗರ್ ಎಂಬ ಊರು ಕೈತಪ್ಪಿತು. 50ನೇ ಪ್ಯಾರಾ ಬ್ರಿಗೇಡಿನ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅದನ್ನು ಮರಳಿ ಪಡೆಯುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದರು, ಚಾಪೆಯಲ್ಲೇ ಮಲಗಿದರು. 1948ರ ಫೆಬ್ರವರಿ 6ರಂದು ನೌಶೇರಾದ ಮೇಲೆ ಬಂದ ಭಾರಿ ದಾಳಿಯನ್ನು ಅವರ ಬ್ರಿಗೇಡ್ ಮುರಿಯಿತು, ಮಾರ್ಚ್‌ನಲ್ಲಿ ಝಾಂಗರ್ ವಾಪಸು ಬಂತು. ನೌಶೇರಾ ಉಳಿದದ್ದರಿಂದ ಅಲ್ಲಿಂದ ರಜೌರಿಗೆ ದಾರಿ ತೆರೆಯುವ ಯೋಚನೆ ಸಾಧ್ಯವಾಯಿತು. ಏಪ್ರಿಲ್ 8ರಿಂದ 11ರವರೆಗೆ ಆ ದಾರಿಯ ನೆಲಬಾಂಬುಗಳನ್ನೂ ಮರದ ತಡೆಗಳನ್ನೂ ತೆಗೆದವರು ರಾಣೆ. ಒಮ್ಮೆಯಂತೂ ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸೂಚನೆ ಕೊಡುತ್ತಾ ಮುಂದೆ ಸಾಗಿದರು. ಜುಲೈ 3ರಂದು ಝಾಂಗರ್‌ನಲ್ಲಿ ಶೆಲ್ ಬಿದ್ದು ಉಸ್ಮಾನ್ ತೀರಿಕೊಂಡರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ. ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ನೌಶೇರಾ, ಝಾಂಗರ್ ಎಂಬ ಹೆಸರು ಕಂಡಾಗ ಕಾರವಾರದವರು ತುಸು ನಿಂತು ನೋಡಬೇಕು.

1965ರ ಪಾಕಿಸ್ತಾನದ ಎದುರಿನ ಯುದ್ಧದಲ್ಲಿ, ಆಗಸ್ಟ್ 28ರಂದು, 1 ಪ್ಯಾರಾ ಕಾಶ್ಮೀರದ ಹಾಜಿಪೀರ್ ಕಣಿವೆ ಹಿಡಿಯಿತು, ಮೇಜರ್ ರಣಜಿತ್ ಸಿಂಗ್ ದಯಾಳ್ ಅವರ ಮುಂದಾಳತ್ವದಲ್ಲಿ, ಮಳೆಯ ರಾತ್ರಿ ಬೆಟ್ಟ ಹತ್ತಿ. ಅದೇ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಎಂಬುವರು ಚಿಕ್ಕ ತಂಡ ಕಟ್ಟಿಕೊಂಡು ಶತ್ರುವಿನ ರೇಖೆಯಾಚೆ ದಾಳಿ ಮಾಡಿ ಬಂದರು. ಅದು ಎಷ್ಟು ಫಲ ಕೊಟ್ಟಿತೆಂದರೆ 1966ರಲ್ಲಿ 9 ಪ್ಯಾರಾ ಕಮಾಂಡೋ ಬೆಟಾಲಿಯನ್ ಹುಟ್ಟಿತು, ಮರುವರ್ಷ ಮರುಭೂಮಿಗೆಂದು 10ನೆಯದು. ಪ್ಯಾರಾ ಮತ್ತು ಕಮಾಂಡೋ ದಾರಿಗಳು ಕವಲೊಡೆದದ್ದು ಇಲ್ಲಿಯೇ. ಪ್ಯಾರಾ ಬೆಟಾಲಿಯನ್ ನೂರಾರು ಜನ ಒಟ್ಟಿಗೆ ಇಳಿದು ಒಂದು ಸೇತುವೆ, ಒಂದು ವಿಮಾನ ನಿಲ್ದಾಣ ಹಿಡಿದು ಕೂರುವಂಥದು. ಕಮಾಂಡೋ ತಂಡ ಬೆರಳೆಣಿಕೆಯ ಜನ ನುಸುಳಿ, ಹೊಡೆದು, ಬೆಳಗಾಗುವುದರೊಳಗೆ ಮರಳುವಂಥದು. 1971ರಲ್ಲಿ ಮಂಢೋಲ್‌ನಲ್ಲಿ 9ನೆಯವರು ಶತ್ರುವಿನ ಫಿರಂಗಿಗಳನ್ನು ಸಿಡಿಸಿ ಬಂದದ್ದು, ಮರುಭೂಮಿಯ ಛಾಚ್ರೋಗೆ 10ನೆಯವರು ಜೀಪುಗಳಲ್ಲಿ ನುಗ್ಗಿದ್ದು ಎರಡನೆಯ ಬಗೆ. ಈ ಬೆಟಾಲಿಯನ್‌ಗಳೇ ಮುಂದೆ ವಿಶೇಷ ಪಡೆ ಎನಿಸಿದವು. ಇಂದು ರೆಜಿಮೆಂಟಿನಲ್ಲಿ ಅವುಗಳದೇ ಸಂಖ್ಯೆ ಹೆಚ್ಚು, 1, 2, 3 ಕೂಡ ಆ ಕಡೆ ಸೇರಿವೆ. 5, 6, 7ನೇ ಬೆಟಾಲಿಯನ್‌ಗಳು ಹಳೆಯ ಪ್ಯಾರಾಗಳಾಗಿಯೇ ಉಳಿದಿವೆ.

ಮೊದಲ ಬಗೆಗೆ ತಾಂಗೈಲ್‌ಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. 1971ರ ಡಿಸೆಂಬರ್ 11. ಬಾಂಗ್ಲಾದ ಉತ್ತರದಿಂದ ಪಾಕಿಸ್ತಾನದ 93ನೇ ಬ್ರಿಗೇಡ್ ಢಾಕಾ ಕಡೆಗೆ ಹಿಮ್ಮೆಟ್ಟುತ್ತಿದೆ. ಅದು ಢಾಕಾ ತಲುಪಿದರೆ ರಾಜಧಾನಿಯ ಕಾವಲು ಗಟ್ಟಿಯಾಗುತ್ತದೆ. ನಡುವೆ ಲೋಹಜಂಗ್ ನದಿಗೆ ಪೂಂಗ್ಲಿ ಎಂಬಲ್ಲಿ ಒಂದು ಸೇತುವೆ. ಸಂಜೆಯ ಬೆಳಕಿನಲ್ಲಿ ಡಕೋಟಾ, ಪ್ಯಾಕೆಟ್, ಆಂಟೊನೊವ್ ವಿಮಾನಗಳು ಸಾಲಾಗಿ ಬಂದವು, ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ 2 ಪ್ಯಾರಾ ಇಳಿಯಿತು. ಕೆಲವರು ಗಾಳಿಗೆ ಸಿಕ್ಕಿ ದೂರ ಬಿದ್ದರು. ಹಳ್ಳಿಯವರು ಓಡಿ ಬಂದು ಮದ್ದುಗುಂಡಿನ ಪೆಟ್ಟಿಗೆ ಹೊತ್ತರು. ಕತ್ತಲಾಗುವಷ್ಟರಲ್ಲಿ ಸೇತುವೆ ಕೈಗೆ ಬಂತು. ಇಳಿದವರು ಒಂದು ಬೆಟಾಲಿಯನ್ ಗುಂಪು, ವಿದೇಶಿ ಪತ್ರಿಕೆಗಳು ಮಾತ್ರ 5,000 ಜನ ಇಳಿದರೆಂದು ಬರೆದವು. ಆ ಸುದ್ದಿ ಢಾಕಾದಲ್ಲಿ ಕೂತ ಸೇನಾಪತಿಗಳ ಎದೆಗೂ ತಟ್ಟಿತು.

ಆಕಾಶದಿಂದ ಇಳಿದವನ ದೊಡ್ಡ ದೌರ್ಬಲ್ಯ, ಅವನ ಬಳಿ ಹೊತ್ತು ತಂದಷ್ಟೇ ಇರುತ್ತದೆ. ಟ್ಯಾಂಕಿಲ್ಲ, ಭಾರಿ ಫಿರಂಗಿಯಿಲ್ಲ, ಮೂರು ದಿನದ ಮೇಲೆ ಗುಂಡೂ ಇಲ್ಲ. ನೆಲದ ಮೇಲೆ ಬರುವ ಸ್ನೇಹಪಡೆ ಅಷ್ಟರೊಳಗೆ ಬಂದು ಕೂಡಿಕೊಳ್ಳಬೇಕು. 1944ರಲ್ಲಿ ಹಾಲೆಂಡಿನ ಆರ್ನೆಮ್ ಸೇತುವೆಗೆ ಇಳಿದ ಬ್ರಿಟಿಷ್ ಪಡೆಗೆ ಹಾಗೆ ಯಾರೂ ಸಮಯಕ್ಕೆ ಬರಲಿಲ್ಲ. ಹೋದವರು ಸುಮಾರು 10,000, ಮರಳಿದವರು 2,000ಕ್ಕೆ ತುಸು ಹೆಚ್ಚು. ಪೂಂಗ್ಲಿಯಲ್ಲಿ ಹಾಗಾಗಲಿಲ್ಲ. ಉತ್ತರದಿಂದ ನೆಲದ ದಾರಿಯಲ್ಲಿ ಬಂದು ಕೈಜೋಡಿಸಿದ ಪಲ್ಟನ್ 1ನೇ ಮರಾಠಾ. ಸೇತುವೆಯ ಮೇಲೆ ಎದುರಾದವರಲ್ಲಿ ಒಂದು ಕಡೆಯವರ ತಲೆಯ ಮೇಲೆ ಮುರುಗಲು ಬಣ್ಣ, ಇನ್ನೊಂದು ಕಡೆಯವರ ತಲೆಯ ಮೇಲೆ ಹಸಿರು. ಎರಡೂ ಒಂದೇ ಮನೆಯಿಂದ ಹೊರಟ ಪಲ್ಟನ್‌ಗಳು. ಡಿಸೆಂಬರ್ 16ರ ಬೆಳಿಗ್ಗೆ ಢಾಕಾಕ್ಕೆ ಮೊದಲು ಕಾಲಿಟ್ಟದ್ದೂ 2 ಪ್ಯಾರಾವೇ.

ಲೆಕ್ಕ ಹಾಕಿದರೆ ರಂಗೂನ್, ಮುನ್ಸಾನ್, ತಾಂಗೈಲ್. ಯುದ್ಧದಲ್ಲಿ ಹಾರಿದ ದೊಡ್ಡ ಪ್ರಸಂಗಗಳು ಇಷ್ಟೇ. ಹಾಗಾದರೆ ವರ್ಷವರ್ಷ ಹಾರುವುದೇಕೆ ಎಂದು ನಾನು ಹವಾಲ್ದಾರರನ್ನು ಕೇಳಿದೆ. ಅವರು ಮಾಲ್ಡೀವ್ಸ್ ಹೆಸರು ಹೇಳಿದರು. 1988ರ ನವೆಂಬರ್ 3ರಂದು ಅಲ್ಲಿಯ ಅಧ್ಯಕ್ಷರು ನೆರವು ಕೇಳಿದರು. ಅದೇ ರಾತ್ರಿ ಆಗ್ರಾದಿಂದ 2,000 ಕಿಲೋಮೀಟರಿಗೂ ದೂರ ಹಾರಿ 6 ಪ್ಯಾರಾ ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿಯಿತು. ರನ್‌ವೇ ಸಿಗದಿದ್ದರೆ ಹಾರುವ ಲೆಕ್ಕವೂ ಇತ್ತು. ಸುತ್ತ ಸಮುದ್ರವಿರುವ ಅಷ್ಟಗಲದ ದ್ವೀಪಕ್ಕೆ, ಕತ್ತಲಲ್ಲಿ. ಕಡಲು ಕಂಡ ನಮ್ಮ ಮಕ್ಕಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿದೆ. ಹಾರುವುದು ಕಲಿಯಲು ಆಗ್ರಾಕ್ಕೆ ಹೋಗಬೇಕು, ಪ್ಯಾರಾ ಆಗಲು ಮೊದಲು ಬರಬೇಕಾದದ್ದು ನಮ್ಮದೇ ರಾಜಧಾನಿಗೆ ಎಂದಾಗ ಹಿಂದಿನ ಸಾಲಿನ ಇಬ್ಬರು ಮುಖ ಮುಖ ನೋಡಿಕೊಂಡರು.

ಹವಾಲ್ದಾರರು ಹೊರಡುವ ಹೊತ್ತಾಯಿತು. ಟೋಪಿಯನ್ನು ವಾಪಸು ಕೊಟ್ಟವನು ಬೆಳಿಗ್ಗೆ "ಕಮಾಂಡೋ" ಎಂದು ಕೂಗಿದ್ದ ಅದೇ ಹುಡುಗ. ಕೊಟ್ಟವನು ಹಿಂದೆ ಸರಿಯಲಿಲ್ಲ. ಅವರ ಕೋಟಿನ ಬಲಗಡೆ ನೋಡಿದ, ಅಲ್ಲಿ ಬಾಕು ಇರಲಿಲ್ಲ. ಎಡಗಡೆ ನೋಡಿದ, ಚಿಕ್ಕ ರೆಕ್ಕೆಯ ಮೇಲೆ ಒಂದು ನಕ್ಷತ್ರ.

"ಅಜ್ಜಾ, ನೀವು ಇಪ್ಪತ್ತೈದು ಸಲ ಹಾರಿದ್ರಾ?"

"ನಲವತ್ಮೂರು," ಎಂದು ಅವರು ಟೋಪಿ ಸರಿ ಮಾಡಿಕೊಂಡರು. "ಎರಡನೇ ನಕ್ಷತ್ರಕ್ಕೆ ಏಳು ಬಾಕಿ ಉಳೀತು ನೋಡು, ತಮಾ."